ಮರದ ಹೆಸರಿನಲ್ಲಿ ಎಂಟಡಿ

ರಸ್ತೆ ಬದಿಯಲ್ಲಿ ಅಕ್ಷರ ಕಂಡರೆ ಸಾಕು, ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಅದೇನು ಹಲ್ಮಿಡಿ ಶಾಸನವೇ ಆಗಬೇಕೆಂದಿಲ್ಲ. ‘ಇಲ್ಲಿ ಮೂತ್ರ ಮಾಡಬಾರದು, ಆದೇಶದ ಮೇರೆಗೆ’ ಎಂದು ಗೋಡೆಯ ಮೇಲೆ ಬರೆದಿದ್ದರೂ ಯಾರ ಆದೇಶ, ಯಾವಾಗಿನದು ಎಂದು ಅಕ್ಕಪಕ್ಕ ಹುಡುಕುತ್ತೇನೆ. ಇದರಿಂದ ಮನೆಯವರಿಗೆ ಆಗಿರುವ ಮುಜುಗರ ಅಷ್ಟಿಷ್ಟಲ್ಲ. ಇಂಥವನನ್ನು ಮಗಳು ತಾನು ಓದುತ್ತಿದ್ದ ಊರಿಗೆ, ಅಮೆರಿಕದ ದಕ್ಷಿಣ ಸೀಮೆಯ ಜಾರ್ಜಿಯಾ ರಾಜ್ಯದ ಅಥೆನ್ಸಿಗೆ, ಕರೆಸಿಕೊಂಡಳು. ನೋಡಿದರೆ ಅಲ್ಲಿ ಹೆಜ್ಜೆಗೊಂದು ಫಲಕ!

ಅಥೆನ್ಸ್ ಇರುವುದು ಕ್ಲಾರ್ಕ್ ಕೌಂಟಿಯಲ್ಲಿ. ಜಾರ್ಜಿಯಾದ 159 ಕೌಂಟಿಗಳ ಪೈಕಿ ವಿಸ್ತೀರ್ಣದಲ್ಲಿ ತೀರಾ ಚಿಕ್ಕದು ಇದೇ, ಸುಮಾರು 313 ಚದರ ಕಿಲೋಮೀಟರು. ನಮ್ಮ ಸಾಧಾರಣ ತಾಲ್ಲೂಕೊಂದರ ಅರ್ಧವೂ ಇಲ್ಲ. 1801ರಲ್ಲಿ ಹುಟ್ಟಿದ ಕೌಂಟಿಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಎಲಿಜಾ ಕ್ಲಾರ್ಕನ ಹೆಸರಿಟ್ಟರು. ವಿಶ್ವವಿದ್ಯಾಲಯಕ್ಕೆ 1785ರಲ್ಲೇ ಸನ್ನದು ಸಿಕ್ಕಿತ್ತು; ಆದರೆ ಕಟ್ಟಡವೂ ಇರಲಿಲ್ಲ, ಊರೂ ಇರಲಿಲ್ಲ. ಕೊನೆಗೆ ಜಾನ್ ಮಿಲೆಡ್ಜ್ ಎಂಬಾತ ಗುಡ್ಡದ ಮೇಲೆ 633 ಎಕರೆ ಕೊಂಡು ದಾನ ಕೊಟ್ಟ. ಸುತ್ತ ಕಾಡಿದ್ದರೇನಂತೆ, ಪ್ಲೇಟೊ ಪಾಠ ಹೇಳಿದ ಊರಿನ ಹೆಸರನ್ನೇ ಇಟ್ಟರಾಯಿತು ಎಂದುಕೊಂಡರು. ಹೆಸರಿಡುವುದಕ್ಕೆ ದುಡ್ಡು ಖರ್ಚಾಗುವುದಿಲ್ಲವಲ್ಲ.

ಅಮೆರಿಕದ ರಸ್ತೆ ಬದಿಯ ಚರಿತ್ರೆಯ ಫಲಕಗಳು ಹೆಚ್ಚಾಗಿ ಎರಕ ಹೊಯ್ದ ಲೋಹದವು. ಕಂಬದ ಮೇಲೆ ನಿಂತಿರುತ್ತವೆ, ಅಕ್ಷರ ಉಬ್ಬಿರುತ್ತದೆ. ಇಂಥವನ್ನು ಎಷ್ಟೋ ರಾಜ್ಯಗಳಿಗೆ ಮಾಡಿಕೊಡುವ ಕುಲುಮೆ ಒಹಾಯೊ ರಾಜ್ಯದ ಮಾರಿಯೆಟ್ಟಾದಲ್ಲಿದೆ. ಸೀವಾ ಸ್ಟುಡಿಯೋಸ್ ಎಂಬ ಈ ಸಂಸ್ಥೆ 1927ರಿಂದ ಇದೇ ಕೆಲಸ ಮಾಡುತ್ತಿದೆ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ ಒಹಾಯೊ ಉತ್ತರದವರ ಪಕ್ಷ. ದಕ್ಷಿಣದವರ ಶೌರ್ಯದ ವಾಕ್ಯಗಳನ್ನೂ ಉತ್ತರದವರ ಕುಲುಮೆಯಲ್ಲಿ ಎರಕ ಹೊಯ್ದು ಕಳಿಸುತ್ತಾರೆಂದರೆ, ವ್ಯಾಪಾರಕ್ಕೆ ಹಳೆಯ ದ್ವೇಷವಿಲ್ಲ ಎಂದಾಯಿತು. ನನಗೆ ಈ ಫಲಕಗಳಲ್ಲಿ ಇಷ್ಟವಾಗುವುದು ಕೊನೆಯ ಸಾಲು. ಯಾರು ನೆಟ್ಟರು, ಯಾವ ವರ್ಷ ನೆಟ್ಟರು ಎಂಬುದು ಅಲ್ಲಿರುತ್ತದೆ. ಮೇಲಿನ ಸಾಲುಗಳು ಹಳೆಯ ಕಾಲದ ಸಂಗತಿ ಹೇಳಿದರೆ, ಕೊನೆಯದು ನೆಟ್ಟವರ ಕಾಲದ ಗುಟ್ಟನ್ನು ಬಿಟ್ಟುಕೊಡುತ್ತದೆ.

ಡಿಯರಿಂಗ್ ಮತ್ತು ಫಿನ್ಲೆ ಬೀದಿಗಳು ಕೂಡುವಲ್ಲಿ ಒಂದು ಬಿಳಿ ಓಕ್ ಮರವಿದೆ. ಅದಕ್ಕೆ ಯಜಮಾನನಿಲ್ಲ, ಅಥವಾ ಅದಕ್ಕೆ ಅದೇ ಯಜಮಾನ. ವಿಲಿಯಂ ಜಾಕ್ಸನ್ ಎಂಬ ಕರ್ನಲ್ ಬಾಲ್ಯದಲ್ಲಿ ಈ ಮರದ ನೆರಳಲ್ಲಿ ಆಡಿ ಬೆಳೆದನಂತೆ. ಮುಂದೆ ಯಾರಾದರೂ ಕಡಿದಾರೆಂಬ ಭಯಕ್ಕೆ, ಮರವನ್ನೂ ಅದರ ಸುತ್ತ ಎಂಟಡಿ ನೆಲವನ್ನೂ ಆ ಮರಕ್ಕೇ ದಾನವಾಗಿ ಬರೆದುಕೊಟ್ಟನಂತೆ. ಬುಡದಲ್ಲಿರುವ ಕಲ್ಲು ಹೀಗೆಂದು ಸಾರುತ್ತದೆ. ಈ ‘ಅಂತೆ’ಗಳನ್ನು ಗಮನಿಸಿ. ಆ ದಾನಪತ್ರ ಇಂದು ಎಲ್ಲೂ ಸಿಗುವುದಿಲ್ಲ. ಬರೆದದ್ದು 1820–30ರ ಸುಮಾರಿಗೆ ಎನ್ನುತ್ತಾರೆ. ಕಥೆ ಪತ್ರಿಕೆಯಲ್ಲಿ ಬಂದದ್ದು 1890ರಲ್ಲಿ, ಸ್ಥಳೀಯ ವಾರಪತ್ರಿಕೆಯ ಮುಖಪುಟದಲ್ಲಿ.

ನಾನು ಕಂದಾಯದ ಕಾಗದಗಳ ಹಿಂದೆ ಅಲೆಯಬೇಕಾದ ದೇಶದಿಂದ ಹೋದವನು. ತಕ್ಷಣ ಮೂಡಿದ ಪ್ರಶ್ನೆಗಳು ಬೇರೆಯೇ. ಮರ ತೆರಿಗೆ ಕಟ್ಟುತ್ತದೆಯೇ? ಪಹಣಿಯ ಹನ್ನೆರಡನೇ ಕಾಲಂ ಅಂಥದ್ದೇನಾದರೂ ಅಲ್ಲಿದ್ದರೆ ಸಾಗುವಳಿದಾರನ ಹೆಸರು ಏನೆಂದು ಬರೆಯುತ್ತಾರೆ? ದಾನ ಸ್ವೀಕರಿಸಿದ್ದೇನೆ ಎಂದು ಹೆಬ್ಬೆಟ್ಟು ಒತ್ತಿದವರು ಯಾರು? ಕಾನೂನು ಬಲ್ಲವರ ತಕರಾರೂ ಇದೇ: ಆಸ್ತಿ ಪಡೆಯಬೇಕಾದರೆ ಪಡೆಯುವವನಿಗೆ ಅರ್ಹತೆ ಇರಬೇಕು, ಮರಕ್ಕೆ ಅದಿಲ್ಲ. ನಮ್ಮಲ್ಲಾಗಿದ್ದರೆ ಬುಡಕ್ಕೊಂದು ನಾಗರಕಲ್ಲು ಇಟ್ಟು, ಅರಿಸಿನ ಕುಂಕುಮ ಹಚ್ಚಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು. ದೇವರ ಹೆಸರಲ್ಲಿ ಜಮೀನು ಇರಬಹುದೆಂದು ನಮ್ಮ ನ್ಯಾಯಾಲಯಗಳು ಎಂದೋ ಒಪ್ಪಿವೆ. ಪಾಪ, ಅಲ್ಲಿನ ಓಕ್ ಮರಕ್ಕೆ ಈ ಅನುಕೂಲವಿರಲಿಲ್ಲ.

ತಮಾಷೆಯೆಂದರೆ, ಕಾನೂನು ಒಪ್ಪದಿದ್ದರೂ ಊರು ಒಪ್ಪಿಬಿಟ್ಟಿತು. 20ನೇ ಶತಮಾನದ ಆರಂಭದಲ್ಲಿ ಜಾರ್ಜ್ ಫಾಸ್ಟರ್ ಪೀಬಾಡಿ ಎಂಬ ದಾನಿ ಮರದ ಸುತ್ತ ಗ್ರಾನೈಟ್ ಕಂಬ, ಸರಪಳಿ ಹಾಕಿಸಿದ. ಪ್ರಸಾರ ಮಾಧ್ಯಮದ ಪೀಬಾಡಿ ಪ್ರಶಸ್ತಿ ಇರುವುದು ಈತನ ಹೆಸರಿನಲ್ಲೇ. 1942ರ ಅಕ್ಟೋಬರಿನಲ್ಲಿ ಮುದಿ ಮರ ಉರುಳಿತು. ಈಗ ಆಸ್ತಿ ಯಾರಿಗೆ? ವಾರಸುದಾರರಿಲ್ಲದ ಎಂಟಡಿ ನಿವೇಶನ, ಅದೂ ಊರ ನಡುವೆ! ನಮ್ಮೂರಾಗಿದ್ದರೆ ರಾತ್ರೋರಾತ್ರಿ ಅಲ್ಲೊಂದು ಬೀಡಾ ಅಂಗಡಿ ಏಳುತ್ತಿತ್ತು. ಅಲ್ಲಿ ಹಾಗಾಗಲಿಲ್ಲ. ಹಳೆಯ ಮರದ ಬೀಜದಿಂದ ಬೆಳೆಸಿದ ಸಸಿಯನ್ನು ಹುಡುಕಿ, 1946ರ ಡಿಸೆಂಬರಿನಲ್ಲಿ ಕಿರಿಯ ಮಹಿಳೆಯರ ತೋಟದ ಕ್ಲಬ್ಬಿನವರು ಅದೇ ಜಾಗದಲ್ಲಿ ನೆಟ್ಟರು. ಈಗಿರುವುದು ಆ ಮಗ. ಖಾತೆ ಬದಲಾವಣೆಗೆ ಹೋದರೆ ನಮ್ಮ ನಾಡಕಚೇರಿಯಲ್ಲಿ ಮೊದಲು ಕೇಳುವುದು ವಂಶವೃಕ್ಷ. ಇಡೀ ವ್ಯವಹಾರದಲ್ಲಿ ಸರಿಯಾಗಿರುವ ದಾಖಲೆ ಅದೊಂದೇ. ಅಂದಹಾಗೆ, ಅಮೆರಿಕದ ಮೊದಲ ತೋಟದ ಕ್ಲಬ್ಬು ಹುಟ್ಟಿದ್ದೂ ಈ ಊರಲ್ಲೇ, 1891ರಲ್ಲಿ. ಅದರ ನೆನಪಿಗೂ ಒಂದು ತೋಟವಿದೆ.

ಮರದಿಂದ ಊರೊಳಕ್ಕೆ ನಡೆದರೆ ನಗರಸಭೆಯ ಹುಲ್ಲುಹಾಸಿನ ಮೇಲೆ ಎರಡು ನಳಿಗೆಯ ಫಿರಂಗಿ. ಜೋಡಿ ನಳಿಗೆಯ ಕೋವಿ ಗೊತ್ತು, ಫಿರಂಗಿಗೇಕೆ ಎರಡು? ಅಂತರ್ಯುದ್ಧದ ಕಾಲಕ್ಕೆ, 1862ರಲ್ಲಿ, ಜಾನ್ ಗಿಲ್‌ಲ್ಯಾಂಡ್ ಎಂಬಾತನಿಗೆ ಹೊಳೆದ ಉಪಾಯ ಇದು. ಊರು ಕಾಯಲು ಹಿರಿಯರೇ ಕಟ್ಟಿಕೊಂಡ ಪಡೆಯಲ್ಲಿ ಅವನೂ ಒಬ್ಬ. ಎರಡು ಗುಂಡುಗಳನ್ನು ಉದ್ದ ಸರಪಳಿಯಿಂದ ಬಿಗಿದು, ಒಂದೊಂದು ನಳಿಗೆಗೆ ಒಂದೊಂದನ್ನು ತುಂಬಿ, ಒಂದೇ ಕ್ಷಣಕ್ಕೆ ಹಾರಿಸಬೇಕು. ನಳಿಗೆಗಳು ಸ್ವಲ್ಪ ಅಗಲಕ್ಕೆ ಮುಖ ಮಾಡಿರುವುದರಿಂದ ಗುಂಡುಗಳು ದೂರ ಸರಿದು ಸರಪಳಿ ಬಿಗಿಯಾಗುತ್ತದೆ. ಎದುರಿಗೆ ಸಾಲಾಗಿ ಬರುವ ಶತ್ರುಸೈನ್ಯವನ್ನು ಕೊಯ್ದು ಹಾಕುತ್ತದೆ. ಕಾಗದದ ಮೇಲೆ ದೋಷವೇ ಇಲ್ಲ. ಊರವರು 350 ಡಾಲರ್ ಚಂದಾ ಎತ್ತಿದರು, ಸ್ಥಳೀಯ ಕುಲುಮೆ ಎರಕ ಹೊಯ್ದಿತು.

ಎಡವಟ್ಟಾದದ್ದು ‘ಒಂದೇ ಕ್ಷಣ’ದಲ್ಲಿ. ಕಪ್ಪು ಮದ್ದು ಎರಡು ನಳಿಗೆಯಲ್ಲೂ ಕೂದಲೆಳೆಯಷ್ಟೂ ಹಿಂದುಮುಂದಾಗದೆ ಸಿಡಿಯುವುದು ಆಗದ ಮಾತು. ಒಂದು ಗುಂಡು ಮೊದಲು ಹೊರಟರೆ, ಇನ್ನೊಂದು ನೊಗಕ್ಕೆ ಒಗ್ಗದ ಹೋರಿಯಂತೆ ಅದನ್ನು ತನ್ನ ಕಡೆಗೆ ಜಗ್ಗುತ್ತದೆ. 1862ರ ಏಪ್ರಿಲ್ 22ರಂದು ಊರ ಹೊರಗೆ ಜನ ಸೇರಿಸಿ ಪರೀಕ್ಷೆ ಮಾಡಿದರು. ಮೊದಲ ಹೊಡೆತಕ್ಕೆ ಗುಂಡುಗಳು ಗಿರಗಿರನೆ ಸುತ್ತುತ್ತಾ ಹೋಗಿ ನೆಲ ಉತ್ತು, ಮೆಕ್ಕೆಜೋಳದ ಹೊಲ ಹಾಳು ಮಾಡಿದವು. ಎರಡನೆಯದಕ್ಕೆ ಪೈನ್ ತೋಪು ಬಲಿಯಾಯಿತು. ಮೂರನೆಯ ಸಲ ಸರಪಳಿ ತುಂಡಾಗಿ ಒಂದು ಗುಂಡು ಯಾರದೋ ಮನೆಯ ಹೊಗೆಗೂಡು ಕೆಡವಿತು, ಇನ್ನೊಂದು ಹಸುವಿಗೆ ಬಡಿದು ಅದನ್ನು ಕೊಂದಿತು. ಗುರಿಯಾಗಿ ನೆಟ್ಟಿದ್ದ ಗೂಟಗಳಿಗೆ ಏನೂ ಆಗಲಿಲ್ಲ. ಆದರೂ ಗಿಲ್‌ಲ್ಯಾಂಡ್ ಪ್ರಯೋಗ ಯಶಸ್ವಿಯೆಂದೇ ಹೇಳಿ ಆಗಸ್ಟಾದ ಶಸ್ತ್ರಾಗಾರಕ್ಕೆ ಕಳಿಸಿದ. ಅಲ್ಲಿನವರು ಪರೀಕ್ಷಿಸಿ, ಕೈಮುಗಿದು ವಾಪಸು ಅಟ್ಟಿದರು. ಅವನು ಮೇಲಿನವರಿಗೆಲ್ಲ ಅರ್ಜಿ ಬರೆದು ನೋಡಿದ, ಫಲ ಕಾಣಲಿಲ್ಲ. ಇಂದು ಅದೇ ಫಿರಂಗಿ ಊರಿನ ಹೆಮ್ಮೆ. ಬಾಯಿ ಉತ್ತರಕ್ಕೆ ತಿರುಗಿದೆ, ಉತ್ತರದವರು ಮತ್ತೆ ಬಂದರೆ ಇರಲಿ ಎಂದು. ಗೆದ್ದ ಸೇನಾಪತಿಗಳ ಕಂಚಿನ ಕುದುರೆಗಳನ್ನು ನೋಡಿ ನೋಡಿ ಬೇಸತ್ತವನಿಗೆ, ತನ್ನೂರಿನ ಹಸುವನ್ನೇ ಕೊಂದ ಆಯುಧಕ್ಕೆ ಸಿಕ್ಕಿರುವ ಈ ಗೌರವ ಬಹಳ ಹಿಡಿಸಿತು.

ನಾಯಿಗಳಿಗೂ ಇಲ್ಲಿ ಸ್ಮಾರಕವಿದೆ. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಲಾಂಛನ ಬುಲ್‌ಡಾಗ್. 1956ರಿಂದ ಒಂದಾದ ಮೇಲೊಂದರಂತೆ ‘ಅಗ್ಗಾ’ ಎಂಬ ಹೆಸರಿನ ಬಿಳಿಯ ನಾಯಿಗಳು ಆ ಪಟ್ಟ ಏರಿವೆ. ಸತ್ತ ಅಗ್ಗಾಗಳಿಗೆ ಸ್ಯಾನ್‌ಫರ್ಡ್ ಕ್ರೀಡಾಂಗಣದೊಳಗೇ ಸಮಾಧಿ, ಮೇಲೆ ಹೊಗಳಿಕೆಯ ಬರಹ. ‘ನಾಯಿಗೆ ಇಷ್ಟೆಲ್ಲಾನಾ?’ ಎಂದಳು ಹೆಂಡತಿ. ನನಗೆ ಮದ್ದೂರು ತಾಲ್ಲೂಕಿನ ಆತಕೂರು ನೆನಪಾಯಿತು. ಹತ್ತನೇ ಶತಮಾನದ ಮಧ್ಯದಲ್ಲಿ ಗಂಗರ ಬೂತುಗನಿಂದ ಮಣಲೇರ ಎಂಬ ವೀರ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಎರಡೂ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪ ಸುತ್ತಿಕೊಳ್ಳಲಿ ಎಂಬ ಎಚ್ಚರಿಕೆಯೂ ಶಾಸನದಲ್ಲಿದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಈ ವಿಷಯದಲ್ಲಿ ಅಮೆರಿಕದವರು ನಮಗಿಂತ ಸಾವಿರ ವರ್ಷ ಹಿಂದೆ ಎಂದು ಅವಳಿಗೆ ಹೇಳಿದೆ.

ಆರ್.ಇ.ಎಂ. ಎಂಬ ಪ್ರಸಿದ್ಧ ವಾದ್ಯತಂಡ 1980ರಲ್ಲಿ ಮೊದಲ ಸಲ ಹಾಡಿದ ಚರ್ಚನ್ನು ಕೆಡವಿದ್ದಾರೆ, ಗೋಪುರವಷ್ಟೇ ಉಳಿದಿದೆ. ಮಗಳು ಅಲ್ಲಿ ಬಹಳ ಹೊತ್ತು ನಿಂತಳು. ನನಗೆ ಆ ಹಾಡುಗಳು ತಿಳಿಯವು, ಮುಂದೆ ಹೋದೆ.

ವಿಶ್ವವಿದ್ಯಾಲಯದ ಬಾಗಿಲಲ್ಲಿ 1850ರ ದಶಕದ ಕಬ್ಬಿಣದ ಕಮಾನು. ಪದವಿ ಮುಗಿಯುವ ಮೊದಲು ಅದರ ಕೆಳಗೆ ಹಾದರೆ ಪದವಿಯೇ ಸಿಗುವುದಿಲ್ಲವೆಂದು ವಿದ್ಯಾರ್ಥಿಗಳ ನಂಬಿಕೆ. ರಾಹುಕಾಲವೆಂದರೆ ನಗುವ ನನ್ನ ಮಗಳು ಪಕ್ಕದಿಂದ ಸುತ್ತಿ ಬಂದಳು. ಕಳೆದುಕೊಳ್ಳಲು ಏನೂ ಇಲ್ಲದ ನಾವಿಬ್ಬರು ನಡುವೆಯೇ ನಡೆದೆವು.

ಇದೇ ಆವರಣಕ್ಕೆ 1961ರ ಜನವರಿ 9ರಂದು, ನ್ಯಾಯಾಲಯದ ಆದೇಶ ಹಿಡಿದು, ಶಾರ್ಲೇನ್ ಹಂಟರ್ ಮತ್ತು ಹ್ಯಾಮಿಲ್ಟನ್ ಹೋಮ್ಸ್ ಎಂಬ ಇಬ್ಬರು ಕಪ್ಪು ವಿದ್ಯಾರ್ಥಿಗಳು ಮೊದಲ ಬಾರಿಗೆ ಬಂದರು. ಎರಡು ದಿನ ಕಳೆಯುವಷ್ಟರಲ್ಲಿ ಹಾಸ್ಟೆಲಿನ ಮುಂದೆ ಗಲಭೆ, ಕಲ್ಲು ಇಟ್ಟಿಗೆ ತೂರಾಟ. ಅಧಿಕಾರಿಗಳು ಅಮಾನತು ಮಾಡಿದ್ದು ಆ ಇಬ್ಬರನ್ನು, ಅವರ ‘ಸುರಕ್ಷತೆಗಾಗಿ’. ನ್ಯಾಯಾಲಯ ಮತ್ತೆ ಒಳಗೆ ಕಳಿಸಿತು. ಇಬ್ಬರೂ 1963ರಲ್ಲಿ ಪದವಿ ಪಡೆದರು. ಆಕೆ ಹೆಸರಾಂತ ಪತ್ರಕರ್ತೆಯಾದಳು, ಆತ ಮೂಳೆ ವೈದ್ಯನಾದ. ಅವರು ಹೆಸರು ನೋಂದಾಯಿಸಿದ ಕಟ್ಟಡಕ್ಕೆ ಈಗ ಹೋಮ್ಸ್–ಹಂಟರ್ ಹೆಸರಿದೆ. ನಾನು ಕೊನೆಯ ಸಾಲಿನವನಲ್ಲವೇ, ವರ್ಷ ನೋಡಿದೆ: 2001. ನಲವತ್ತು ವರ್ಷ.

ಗುಲಾಮಗಿರಿಯ ಪರವಾಗಿ ಕಾದಿ ಸೋತ ಸೈನಿಕರು ಇಷ್ಟು ಕಾಯಬೇಕಾಗಿರಲಿಲ್ಲ. ಯುದ್ಧ ಮುಗಿದದ್ದು 1865ರಲ್ಲಿ. 1870ರ ದಶಕದ ಮೊದಲಲ್ಲೇ ಊರ ನಡುವೆ ಅವರ ಸ್ಮಾರಕಸ್ತಂಭ ಎದ್ದಿತ್ತು. ಅದನ್ನು ತೆಗೆದದ್ದು 2020ರ ಆಗಸ್ಟಿನಲ್ಲಿ. ಇಂಥ ಸ್ಮಾರಕ ಮುಟ್ಟಲು ರಾಜ್ಯದ ಕಾನೂನು ಅಡ್ಡಿ. ಹಾಗಾಗಿ ಕೌಂಟಿಯವರು ಪಾದಚಾರಿಗಳು ರಸ್ತೆ ದಾಟುವ ಪಟ್ಟೆಯನ್ನು ಅಗಲ ಮಾಡಬೇಕಾಗಿದೆ ಎಂದರು! ಸ್ತಂಭವನ್ನು ಊರಾಚೆಗೆ, 1864ರಲ್ಲಿ ಚಕಮಕಿ ನಡೆದ ಬಾರ್ಬರ್ ಹಳ್ಳದ ಬಳಿಗೆ ಸಾಗಿಸಿದರು. ರಸ್ತೆ ಅಗಲೀಕರಣದ ಹೆಸರಲ್ಲಿ ಏನೇನು ಮಾಡಬಹುದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ; ಆದರೆ ಒಳ್ಳೆಯ ಕೆಲಸಕ್ಕೆ ಬಳಸಿದ್ದನ್ನು ಕಂಡದ್ದು ಅಪರೂಪ.

ಎಲ್ಲಕ್ಕಿಂತ ತಡವಾಗಿ ಬಂದದ್ದು ಬಾಲ್ಡ್‌ವಿನ್ ಹಾಲ್ ಮುಂದಿನ ಸ್ಮಾರಕ. 1938ರಲ್ಲಿ ಹಳೆಯ ಸ್ಮಶಾನವೊಂದರ ಭಾಗದ ಮೇಲೆ ಕಟ್ಟಿದ ವಿಶ್ವವಿದ್ಯಾಲಯದ ಕಟ್ಟಡ ಅದು. 2015ರಲ್ಲಿ ವಿಸ್ತರಣೆಗೆಂದು ಅಗೆದಾಗ ಮನುಷ್ಯರ ಎಲುಬು ಸಿಕ್ಕವು. ಅಗೆಯುತ್ತಾ ಹೋದಂತೆ 105 ಸಮಾಧಿ. ಪರೀಕ್ಷೆ ಮಾಡಲು ಸಾಧ್ಯವಾದ ಎಲುಬುಗಳಲ್ಲಿ ಹೆಚ್ಚಿನವು ಆಫ್ರಿಕನ್ ಮೂಲದವರದು. ಬಹುಪಾಲು ಗುಲಾಮರಾಗಿ ಬದುಕಿ ಸತ್ತವರದಿರಬೇಕು. 2017ರಲ್ಲಿ ಬೇರೆ ಸ್ಮಶಾನದಲ್ಲಿ ಮಣ್ಣು ಮಾಡಿದರು. ಊರಿನ ಕಪ್ಪು ಜನರನ್ನು ಸರಿಯಾಗಿ ಕೇಳದೆಯೇ ಮಾಡಿದರೆಂಬ ಸಿಟ್ಟು ಉಳಿಯಿತು. ಸ್ಮಾರಕ ಬಂದದ್ದು 2018ರಲ್ಲಿ. ಕಾಗದವಿಲ್ಲದ ಮರಕ್ಕೆ ಎಂಟಡಿ ನೆಲ ಬಿಟ್ಟುಕೊಟ್ಟ ಉದಾರಿಗಳು, ಆರಡಿ ಮೂರಡಿಯಲ್ಲಿ ಮಲಗಿದ್ದವರನ್ನು ಮರೆತು ಮೇಲೆ ತರಗತಿ ನಡೆಸಿದ್ದರು. ಇದನ್ನು ಹೇಳದೆ ಮರದ ಕಥೆಯನ್ನಷ್ಟೇ ಹೇಳಿ ನಗುವುದು ನ್ಯಾಯವಲ್ಲ.

ಕೌಂಟಿಯೊಳಗೆ ಜಾಗ ಸಿಗದ ಒಂದು ಸ್ಮಾರಕದ ಮಾತು ಉಳಿದಿದೆ. 1954ರಲ್ಲಿ ಶಿಲ್ಪಿ ಅಬಟ್ ಪ್ಯಾಟಿಸನ್ ಉಕ್ಕಿನ ಹಾಳೆಗಳಿಂದ ಸುಮಾರು ಹನ್ನೆರಡು ಅಡಿಯ ಆಧುನಿಕ ಶೈಲಿಯ ಕುದುರೆಯನ್ನು ವಿಶ್ವವಿದ್ಯಾಲಯಕ್ಕೆ ಮಾಡಿಕೊಟ್ಟ. ಹಾಸ್ಟೆಲಿನ ಮುಂದೆ ನಿಲ್ಲಿಸಿದ್ದೇ ತಡ, ವಿದ್ಯಾರ್ಥಿಗಳು ಬಾಯಿಗೆ ಹುಲ್ಲು ತುರುಕಿ, ಹಿಂದೆ ಲದ್ದಿ ಸುರಿದು, ಕೆಳಗೆ ಬೆಂಕಿ ಹಚ್ಚಿದರು. ಅಗ್ನಿಶಾಮಕ ದಳದವರು ಬಂದು ಕೊನೆಗೆ ವಿದ್ಯಾರ್ಥಿಗಳ ಮೇಲೇ ನೀರು ಹಾರಿಸಬೇಕಾಯಿತು. ಕುದುರೆಯನ್ನು ಅಡಗಿಸಿಡಲಾಯಿತು; 1959ರಲ್ಲಿ ಪ್ರಾಧ್ಯಾಪಕರೊಬ್ಬರು ಅದನ್ನು ಗ್ರೀನ್ ಕೌಂಟಿಯ ತಮ್ಮ ಹೊಲಕ್ಕೆ ಒಯ್ದರು. ಬಾಲ ಅಥೆನ್ಸಿನ ಕಡೆಗಿದೆ ಎನ್ನುತ್ತಾರೆ. ಮುಂದೆ ಆ ಜಮೀನು ಕೃಷಿ ಸಂಶೋಧನೆಗೆಂದು ವಿಶ್ವವಿದ್ಯಾಲಯದ ಕೈಗೇ ಬಂತು. ಅದಕ್ಕೆ ಅವರು ಇಟ್ಟ ಹೆಸರು ಐರನ್ ಹಾರ್ಸ್ ಫಾರ್ಮ್.