ಮಗ್ಗದ ಮನೆಯ ನೀರುಗಂಟಿ

ದೊಡ್ಡಬಳ್ಳಾಪುರದ ನಮ್ಮ ಅಕ್ಕನ ಮನೆಯಲ್ಲಿ ಗುಟ್ಟು ಹೇಳುವ ಪದ್ಧತಿ ಇಲ್ಲ. ಹಿಂದಿನ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗ ಟಕಾಟಕ ಎನ್ನುತ್ತಿರುವಾಗ ಉಪ್ಪು ಬೇಕೆಂದರೂ ಕೂಗಿಯೇ ಕೇಳಬೇಕು. ಹೀಗಾಗಿ ಒಂದು ಬೆಳಿಗ್ಗೆ ಅಕ್ಕನ ಮಗ "ಮಾವಾ, ನನ್ನ ಸರ್ವರ್ ಬಿದ್ದೋಯ್ತು!" ಎಂದು ಅರಚಿದ್ದು ಬೀದಿಗೆಲ್ಲ ಕೇಳಿಸಿತು. ಎದುರುಮನೆಯ ಅಜ್ಜಿ ರೇಷನ್ ಚೀಲ ಹಿಡಿದುಕೊಂಡೇ ಬಂದರು. "ಹಂಗಾದ್ರೆ ಇವತ್ತೂ ಅಕ್ಕಿ ಕೊಡಲ್ವಾ?" ಎಂದು ಕೇಳಿದರು. ಆಮೇಲೆ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ವರ್ಷದಿಂದ ಬೆರಳೊತ್ತಿಸಿಕೊಂಡು ಇಲ್ಲ ಇಲ್ಲ ಅಂತಿದ್ರಲ್ಲ, ಆ ಸರ್ವರ್ ನಿಮ್ಮನೇಲಿತ್ತಾ?" ಅಂದರು. ಅದು ಬೇರೆ ಸರ್ವರ್, ಇದು ಆಟದ್ದು ಎಂದು ಒಪ್ಪಿಸುವಷ್ಟರಲ್ಲಿ ನನ್ನ ಕಾಫಿ ಆರಿಹೋಗಿತ್ತು. ಅಜ್ಜಿ ಈಗಲೂ ಪೂರ್ತಿ ಒಪ್ಪಿಲ್ಲ.

ಆಟ ಮೈನ್‌ಕ್ರಾಫ್ಟ್. ಸ್ವೀಡನ್ನಿನವರು ಮಾಡಿದ್ದು. ಚೌಕ ಚೌಕ ಇಟ್ಟಿಗೆ ಅಗೆಯುವುದು, ಜೋಡಿಸುವುದು, ಅಷ್ಟೇ. ಇದನ್ನು 2014ರಲ್ಲಿ ಮೈಕ್ರೋಸಾಫ್ಟಿನವರು 250 ಕೋಟಿ ಡಾಲರಿಗೆ ಕೊಂಡರು ಅಂದಾಗ ಅಕ್ಕ, "ಇಟ್ಟಿಗೆ ಜೋಡ್ಸೋಕಾ? ನಮ್ಮ ಗಾರೆ ಮೇಸ್ತ್ರಿಗೆ ಹೇಳಿದ್ರೆ ನಿಜವಾದ ಮನೇನೇ ಕಟ್ಕೊಡ್ತಿದ್ದ" ಅಂದಳು. ಹುಡುಗನಿಗೆ ಊರಿನವರೆಲ್ಲ ಆಡುವ ದೊಡ್ಡ ಸರ್ವರ್ ಬೇಡವಂತೆ. ಅಲ್ಲಿ ಇವನು ಗುಡಿ ಕಟ್ಟಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಯಾರೋ ಗೋಪುರಕ್ಕೆ ಬೆಂಕಿ ಇಟ್ಟಿರುತ್ತಾರಂತೆ. ಅದಕ್ಕೇ ಸ್ವಂತದ್ದು: ನೆಲಮಂಗಲದವನೊಬ್ಬ, ಹೊಸಕೋಟೆಯವರಿಬ್ಬರು, ದೇವನಹಳ್ಳಿಯವರಿಬ್ಬರು, ಬೀದಿಯ ಗೆಳೆಯನೊಬ್ಬ, ಅಮೆರಿಕದ ಡಲ್ಲಾಸಿನಲ್ಲಿರುವ ದೊಡ್ಡಪ್ಪನ ಮಗ, ಇವನೂ ಸೇರಿ ಎಂಟು ಜನರ ಪ್ರಪಂಚ.

ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಅದರಲ್ಲಿ ಭಾವನ ಕೂಲಿ ಲೆಕ್ಕ, ಜರಿಯ ಬಿಲ್ಲು, ಜಿಎಸ್‌ಟಿ. ಅದನ್ನು ಮುಟ್ಟಿದರೆ ಕೈ ಕತ್ತರಿಸುತ್ತೇನೆ ಎಂದು ಭಾವ ಮೊದಲೇ ಹೇಳಿದ್ದರು. ಹುಡುಗ ಮುಟ್ಟಲಿಲ್ಲ, ಅದರೊಳಗೇ ಇನ್ನೊಂದು ಕಂಪ್ಯೂಟರ್ ಕಟ್ಟಿದ. ವರ್ಚುವಲ್ ಮಷೀನ್ ಅಂದರೆ ನಮ್ಮ ಕಾಲದ ವಠಾರವೇ. ಒಂದೇ ಕಟ್ಟಡ, ಒಳಗೆ ಬೇರೆ ಬೇರೆ ಸಂಸಾರ. ವ್ಯತ್ಯಾಸ ಇಷ್ಟೇ, ವಠಾರದಲ್ಲಿ ಪಕ್ಕದ ಮನೆ ಒಗ್ಗರಣೆಗೆ ನಮಗೆ ಸೀನು ಬರುತ್ತಿತ್ತು, ಇಲ್ಲಿ ಒಳಗಿರುವ ಬಾಡಿಗೆದಾರನಿಗೆ ಇಡೀ ಬಂಗಲೆ ತನ್ನೊಬ್ಬನದೇ ಎಂಬ ಭ್ರಮೆ. ಹೊಸ ಮೋಸವೇನಲ್ಲ, 1972ರಲ್ಲೇ ಐಬಿಎಂನವರು ಬೀರುವಿನಷ್ಟು ದೊಡ್ಡ ಯಂತ್ರಗಳಲ್ಲಿ ಇದೇ ವಠಾರ ಕಟ್ಟಿ ಮಾರಿದ್ದಾರೆ. ಭಾವನ ಎಂಟು ಜಿಬಿ ಮೆಮರಿಯಲ್ಲಿ ನಾಲ್ಕು ಜಿಬಿ ಗೋಡೆಯಾಚೆ ಲಿನಕ್ಸ್ ಎಂಬ ಬಾಡಿಗೆದಾರನಿಗೆ ಹೋಯಿತು. ಅಂಗಳದಲ್ಲಿ ಅರ್ಧ ಹೋದದ್ದು ಭಾವನಿಗೆ ಗೊತ್ತಾದದ್ದು ಮುಂದಿನ ತಿಂಗಳ 20ನೇ ತಾರೀಖು, ಜಿಎಸ್‌ಟಿ ತುಂಬಲು ಕೂತಾಗ.

ಮೊದಲ ಸಲ ಸರ್ವರ್ ಹೊತ್ತಿಸಿದರೆ ಅದು ತಾನಾಗಿ ನಿಂತುಬಿಡುತ್ತದೆ. ಒಂದು ಕರಾರುಪತ್ರದ ಕಡತ ಇಟ್ಟು, ಒಪ್ಪಿದ್ದೇನೆ ಅಂತ ಬರೆಯೋ ತನಕ ಏಳುವುದಿಲ್ಲ. ಹುಡುಗ ಒಂದು ಸಾಲೂ ಓದದೆ 'ಟ್ರೂ' ಅಂತ ಬರೆದ. ಓದದೆ ಸಹಿ ಹಾಕುವುದರಲ್ಲಿ ನಮ್ಮ ಮನೆತನಕ್ಕೆ ಮೂರು ತಲೆಮಾರಿನ ಅನುಭವವಿದೆ.

ಸರ್ವರ್ ಎದ್ದಿತು, ಆದರೆ ಯಾರೂ ಒಳಗೆ ಬರಲಾಗಲಿಲ್ಲ. ಈ ಆಟದ ಬಾಗಿಲಿನ ನಂಬರು 25565. ಬಾಗಿಲು ತೆರೆದೇ ಇದೆ, ಬೀದಿಯ ವಿಳಾಸವೇ ಇಲ್ಲ. ಪ್ರಪಂಚದಲ್ಲಿ ಹಳೇ ಮಾದರಿಯ ಐಪಿ ವಿಳಾಸಗಳು ಸಾಲದಾದ ಮೇಲೆ ಇಂಟರ್‌ನೆಟ್ ಕೊಡುವವರು ನೂರಾರು ಮನೆಗೆ ಒಂದೇ ವಿಳಾಸ ಹಂಚುತ್ತಾರೆ. ಊರಿಗೆಲ್ಲ ಒಂದೇ ಕಿರಾಣಿ ಅಂಗಡಿಯ ಕೇರಾಫ್ ಇದ್ದ ಹಾಗೆ. ಇಲ್ಲಿಂದ ಕಾಗದ ಹೋಗುತ್ತದೆ, ಅದಕ್ಕೆ ಉತ್ತರವೂ ಬರುತ್ತದೆ, ಹೊರಗಿನವನು ತಾನಾಗಿ ಹುಡುಕಿಕೊಂಡು ಬಂದರೆ ಅಂಗಡಿಯವನು "ಯಾರ ಮನೆ? ಗೊತ್ತಿಲ್ಲ" ಅಂತಾನೆ. ಕೇಬಲ್ ಹುಡುಗನನ್ನು ಕೇಳಿದರೆ "ಸ್ಟ್ಯಾಟಿಕ್ ಐಪಿ ತಗೊಳಿ ಅಣ್ಣ, ತಿಂಗಳಿಗೆ ಎಕ್ಸ್‌ಟ್ರಾ" ಅಂದ. ಅಕ್ಕ ಆ ಎಕ್ಸ್‌ಟ್ರಾ ಎಂಬ ಪದ ಕೇಳಿದೊಡನೆ ಅಡುಗೆಮನೆಗೆ ಹೋದಳು. ಕೊನೆಗೆ ಟೇಲ್‌ಸ್ಕೇಲ್ ಅನ್ನೋ ಪುಕ್ಕಟೆ ಸುರಂಗ ತೋಡಿ ನಮ್ಮ ಹುಡುಗ ಗೆಳೆಯರನ್ನು ಹಿತ್ತಲಿನಿಂದ ಒಳಗೆ ಕರೆದ. ಡಲ್ಲಾಸಿನವನಿಗೆ ಮಾತ್ರ ಎಲ್ಲವೂ ತಡ. ಬೆಳಕು ಗಾಜಿನ ತಂತಿಯಲ್ಲಿ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಅಲ್ಲಿಗೆ ಹೋಗಿಬರಲು 30,000 ಕಿಲೋಮೀಟರ್, ಅಂದರೆ 150 ಮಿಲಿಸೆಕೆಂಡ್ ದೇವರು ಬಂದರೂ ಉಳಿಸಲಾರ. ಪಾಪ, ಅವನು ಜೇಡ ಕಂಡು ಕತ್ತಿ ಎತ್ತುವಷ್ಟರಲ್ಲಿ ಜೇಡ ಅವನನ್ನು ಕಡಿದು, ಬೇರೆ ಕೆಲಸಕ್ಕೆ ಹೋಗಿರುತ್ತದೆ.

ಜೇಡ ಅಂದೆನಲ್ಲ, ಈ ಆಟದಲ್ಲಿ ಜೇಡ ಕೊಂದರೆ ದಾರ ಸಿಗುತ್ತದೆ. ಎರಡು ದಾರ, ಎರಡು ಹಲಗೆ ಸೇರಿಸಿದರೆ ಒಂದು ಮಗ್ಗ! 2019ರಲ್ಲಿ ಸೇರಿಸಿದ್ದಂತೆ. ಹುಡುಗ ಹೆಮ್ಮೆಯಿಂದ ಅಪ್ಪನನ್ನು ಕರೆದು ತೋರಿಸಿದ. ಮೂವತ್ತು ವರ್ಷ ಹಾಸು ಹೊಕ್ಕಿನಲ್ಲೇ ಬದುಕಿದ ಭಾವ ಪರದೆಯ ಮುಂದೆ ಬಹಳ ಹೊತ್ತು ನಿಂತರು. "ಲಾಳಿ ಎಲ್ಲೋ?" ಇಲ್ಲ. "ಬೀಮು?" ಇಲ್ಲ. "ಸೀರೆ ಬರುತ್ತಾ?" ಇಲ್ಲಪ್ಪ, ಬಾವುಟದ ಮೇಲೆ ಚಿತ್ರ ಹಾಕುತ್ತೆ. "ಕರೆಂಟು?" ಬೇಡವೇ ಬೇಡ. ಆ ಕೊನೆಯ ಮಾತಿಗೆ ಮಾತ್ರ ಭಾವನ ಮುಖ ಅರಳಿತು. "ಅಂಥದ್ದು ಎರಡು ನಮ್ಮ ಶೆಡ್ಡಿಗೂ ಹಾಕ್ಸು" ಅಂದರು.

ಕರೆಂಟಿನ ಕತೆಗೆ ಬರೋಣ. ಕಂಪ್ಯೂಟರ್ 60 ವ್ಯಾಟ್ ಎಳೆದರೂ ಹಗಲೂ ರಾತ್ರಿ ಉರಿದರೆ ತಿಂಗಳಿಗೆ 43 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ತನಕ ಪುಕ್ಕಟೆ ಅಂತ ಹುಡುಗ ಧೈರ್ಯವಾಗಿದ್ದ. ಆದರೆ ಅಕ್ಕನ ಮನೆಗೆ ಸಿಗುವುದು 2022-23ರ ಸರಾಸರಿ ಬಳಕೆ, ಅದರ ಮೇಲೆ ನೂರಕ್ಕೆ ಹತ್ತು. ಆ ವರ್ಷ ನಮ್ಮಕ್ಕ ಖಾಲಿ ಕೋಣೆಯ ದೀಪ ಆರಿಸುತ್ತಾ ಓಡಾಡಿ ತೊಂಬತ್ತು ಯೂನಿಟ್ಟಿಗೆ ಇಳಿಸಿದ್ದಳು. ಮಿತವ್ಯಯದ ಶಿಕ್ಷೆ ನೋಡಿ, 99ಕ್ಕೆ ಮಿತಿ ಬಿತ್ತು. ಸೊನ್ನೆ ಬಿಲ್ಲು ಬರುತ್ತಿದ್ದ ಮನೆಗೆ ಅಂಕಿ ಇರುವ ಬಿಲ್ಲು ಬಂದ ದಿನ ಮಗ್ಗಗಳೂ ಒಂದು ಕ್ಷಣ ನಿಂತವು ಅಂತ ನನಗೆ ಅನಿಸಿತು. ಮಗ್ಗದ ಮೀಟರಿನಿಂದ ವೈರ್ ಎಳೆಯಲಾ ಎಂದು ಹುಡುಗ ಕೇಳಿದ. ಭಾವ ಅವನನ್ನು ನೋಡಿದ ನೋಟಕ್ಕೆ ಆ ವೈರು ತಾನೇ ಸುತ್ತಿಕೊಂಡು ಮೂಲೆ ಸೇರಿತು.

ಇನ್ನು ಕರೆಂಟ್ ಹೋದರೆ? ಆಟ ಐದು ನಿಮಿಷಕ್ಕೊಮ್ಮೆ ತನ್ನ ಲೆಕ್ಕ ಬರೆದಿಟ್ಟುಕೊಳ್ಳುತ್ತದೆ. ನಡುವೆ ಕಟ್ಟಿದ್ದೆಲ್ಲ ಗಂಗಾರ್ಪಣ. ಅದಕ್ಕೆ ವರ್ಚುವಲ್ ಮಷೀನಿನಲ್ಲಿ ಸ್ನ್ಯಾಪ್‌ಶಾಟ್ ಅನ್ನೋ ವರವಿದೆ. ಈ ಕ್ಷಣ ಹೇಗಿದೆಯೋ ಹಾಗೇ ಹಿಡಿದಿಟ್ಟು, ಕೆಟ್ಟರೆ ಅಲ್ಲಿಗೇ ವಾಪಸ್. ಬುಟ್ಟಾ ತಪ್ಪಿದ ಸೀರೆಯನ್ನು ಎಳೆ ಎಳೆಯಾಗಿ ಬಿಚ್ಚುತ್ತಿದ್ದ ಭಾವ ಇದನ್ನು ಕೇಳಿ ನಿಟ್ಟುಸಿರು ಬಿಟ್ಟರು. ಆದರೆ ಹುಡುಗ ಸ್ನ್ಯಾಪ್‌ಶಾಟುಗಳನ್ನೆಲ್ಲ ಅದೇ ಡಿಸ್ಕಿನಲ್ಲಿ ಇಟ್ಟಿದ್ದ. ಬೀರುವಿನ ಬೀಗದ ಕೈಯನ್ನು ಬೀರುವಿನೊಳಗೇ ಇಟ್ಟು ಬೀಗ ಜಡಿದ ಹಾಗೆ. ಅವತ್ತು ಬೆಳಿಗ್ಗೆ ಸರ್ವರ್ ಬಿದ್ದದ್ದು ಹೀಗೆ, ಡಿಸ್ಕೇ ಕಣ್ಣು ಮುಚ್ಚಿತ್ತು. ಭಾವನ ಲೆಕ್ಕವೂ ಜೊತೆಗೇ ಹೋಗಬೇಕಿತ್ತು. ಅವರು ಅದನ್ನೆಲ್ಲ ಕೆಂಪು ಬಟ್ಟೆಯ ಪುಸ್ತಕದಲ್ಲೂ ಬರೆಯುತ್ತಿದ್ದರಿಂದ ಹುಡುಗನ ಕೈ ಉಳಿಯಿತು. ಡಬ್ಬ ಬಿಚ್ಚಿ ನೋಡಿದರೆ ಫ್ಯಾನಿನ ಸುತ್ತ ಒಂದು ಕಂಡಿಕೆ ತುಂಬುವಷ್ಟು ರೇಷ್ಮೆಯ ಜುಂಗು.

ಹೊಸ ಡಿಸ್ಕ್ ಬಂತು. ಹೊಸಕೋಟೆಯ ಹುಡುಗನೊಬ್ಬ ಹಿಂದೊಮ್ಮೆ ಇಳಿಸಿಕೊಂಡಿದ್ದ ಪ್ರತಿಯಿಂದ ಪ್ರಪಂಚವೂ ಮರಳಿತು, ಇಪ್ಪತ್ತು ದಿನ ಹಿಂದಿನದು. ಜಗಳ ಶುರುವಾದದ್ದೇ ಆಗ. ಈ ಆಟದ ನೆಲ ಅಂಚಿನಿಂದ ಅಂಚಿಗೆ ಆರು ಕೋಟಿ ಮೀಟರ್, ಅಂದರೆ 60,000 ಕಿಲೋಮೀಟರ್. ಭೂಮಿಯ ಸುತ್ತಳತೆಯೇ 40,000. ಎಂಟೇ ಜನ. ಆದರೂ ಇವರು ಕಟ್ಟಿದ ಘಾಟಿ ಸುಬ್ರಹ್ಮಣ್ಯದ ಗುಡಿಯ ಪಕ್ಕದ ಹತ್ತು ಮಾರು ಜಾಗ ತನ್ನದು ಎಂದು ದೇವನಹಳ್ಳಿಯ ಇಬ್ಬರೂ ಹಿಡಿದ ಹಟ ಬಿಡಲಿಲ್ಲ. ಇಪ್ಪತ್ತು ದಿನದ ಪತ್ರ ಡಿಸ್ಕಿನ ಜೊತೆ ಹೋಗಿದೆ, ಸಾಕ್ಷಿ ಇಲ್ಲ. ತಮ್ಮೂರಿಗೆ 2008ರಲ್ಲಿ ಏರ್‌ಪೋರ್ಟ್ ಬಂದ ಮೇಲೆ ಹುಟ್ಟಿದ ಮಕ್ಕಳು. ಖಾಲಿ ಜಾಗ ಕಂಡರೆ ಬೇಲಿ ಹಾಕದೆ ನಿದ್ದೆ ಬರುವುದಿಲ್ಲ.

ರಾತ್ರಿ ಹನ್ನೊಂದಕ್ಕೆ ಎಲ್ಲರ ಫೋನೂ ನಮ್ಮ ಹುಡುಗನಿಗೇ. ಸ್ಲೋ ಆಗಿದೆ, ಬಾಗಿಲು ತೆರೀತಿಲ್ಲ, ಅವನನ್ನ ಲಿಸ್ಟಿನಿಂದ ತೆಗಿ. ನನಗೆ ನಮ್ಮಜ್ಜನ ಊರಿನ ನೀರುಗಂಟಿ ನೆನಪಾದ. ಕೆರೆ ಊರಿನದು, ಗದ್ದೆ ಅವರವರದು, ತೂಬು ಎತ್ತುವವನು ಮಾತ್ರ ಅವನು. ಮಳೆ ಬರದಿದ್ದರೂ ಬೈಗುಳ ಅವನಿಗೇ. "ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಕಾಳಿನ ಪಾಲು ಬರ್ತಿತ್ತು ಕಣೋ. ನೀನೂ ಕೇಳು" ಅಂದೆ. ತಲೆಗೆ ಐವತ್ತು ರೂಪಾಯಿ ಎತ್ತಿದರೆ ಕರೆಂಟ್ ಬಿಲ್ಲಾದರೂ ಆಗುತ್ತದಲ್ಲ ಎಂಬುದು ನನ್ನ ಲೆಕ್ಕ.

ಅವನು ಕೇಳಿದ. ಮರುದಿನವೇ ಪಾಲು ಬಂತು. ಆಟದೊಳಗಿನ ಅವನ ಮನೆ ಮುಂದೆ ಒಂದು ಪೆಟ್ಟಿಗೆ, ಅದರಲ್ಲಿ ಏಳು ಜನ ತಲಾ 64ರಂತೆ ಇಟ್ಟ ಗೋಧಿಯ ಕಟ್ಟು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಪರದೆಗೆ ಬಗ್ಗಿ ನೋಡಿದಳು.

"ಬರೀ ಗೋಧೀನಾ? ಯಾಕೋ, ನಿನ್ನೂರಲ್ಲಿ ರಾಗಿ ಬೆಳೆಯಲ್ವಾ?"

ಹುಡುಗ ಈಗ ಆಟಕ್ಕೆ ರಾಗಿ ಸೇರಿಸುವುದು ಹೇಗೆ ಎಂದು ಹುಡುಕುತ್ತಿದ್ದಾನೆ. ಸದ್ಯ, ಸ್ನ್ಯಾಪ್‌ಶಾಟ್ ಬೇರೆ ಡಿಸ್ಕಿನಲ್ಲಿ ಇಟ್ಟಿದ್ದಾನೆ.