ಕೂಟ ಬಂಡೂರಲ್ಲೇ ಆಗಬಾರದೇನು?

ಪಕ್ಕದ ಮನೆ ಹುಡುಗಿಗೆ ಹೊರದೇಶದ ಸೇವಾ ಸಂಸ್ಥೆಯೊಂದರಲ್ಲಿ ಕೆಲಸ. ಕಚೇರಿ ಅಂತ ಒಂದು ಕಟ್ಟಡವೇ ಇಲ್ಲವಂತೆ. ಅವಳ ಪಾಲಿಗೆ ನಡುಮನೆ ಮೂಲೆಯ ಮೇಜೇ ಕಚೇರಿ. ರಾತ್ರಿ ಒಂಬತ್ತೂವರೆಗೆ ಮೀಟಿಂಗು. ಬೇಸಿಗೆಯಲ್ಲಾದರೆ ಆಗ ನ್ಯೂಯಾರ್ಕಿನವರಿಗೆ ಮಟಮಟ ಮಧ್ಯಾಹ್ನ, ನೈರೋಬಿಯವರಿಗೆ ಸಂಜೆ ಏಳು, ಪಾಪ ಮನಿಲಾದವನಿಗೆ ಸರಿರಾತ್ರಿ. ಯಾರ ನಿದ್ದೆ ಅಗ್ಗ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೊನ್ನೆ ಬಟ್ಟೆ ಒಣಗಿಹಾಕುತ್ತಾ ಅವರಮ್ಮ ಬೇಲಿಯಾಚೆಯಿಂದ ಶುರುಮಾಡಿದಳು. “ಕೇಳುದ್ರಾ ಅಣ್ಣಯ್ಯ, ಇವ್ರು ವರ್ಸಕ್ಕೊಂದ್ಸಲ ಎಲ್ಲಾರೂ ಒಂದ್ಕಡೆ ಸೇರ್ತರಂತೆ. ರಿಟ್ರೀಟ್ ಅಂತೆ. ಅಷ್ಟ್ ದೂರ ಹೋಗಿ ಅಲ್ಲೂ ಮೀಟಿಂಗೇ ಮಾಡ್ತರಂತೆ ಕಣಣ್ಣಯ್ಯ!”

“ಈ ಸಲ ಯುರೋಪು ಮಾವ,” ಅಂದಳು ಹುಡುಗಿ. “ವೀಸಾ ಸಿಕ್ರೆ ಹೋಗ್ತೀನಿ. ಇಲ್ದಿದ್ರೆ ಅವ್ರು ಊಟ ಮಾಡೋದ್ನ ಇಲ್ಲಿಂದ್ಲೇ ಪರದೇಲಿ ನೋಡ್ತೀನಿ.”

ಬ್ಯಾಂಕಿನ ಲೆಕ್ಕ ತೋರಿಸು, ವಿಮೆ ಮಾಡಿಸು, ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡು. ಇಷ್ಟಾದ ಮೇಲೂ ಕೊಟ್ಟರೆ ಕೊಟ್ಟರು. ಜರ್ಮನಿಯವಳಿಗೆ ಇದ್ಯಾವುದೂ ಇಲ್ಲ, ರೈಲು ಹತ್ತಿದರೆ ಮುಗಿಯಿತು. ಹಾಗಿರುವಾಗ ಕೂಟದ ಜಾಗ ಗೊತ್ತುಮಾಡುವಾಗಲೇ ಅರ್ಧ ಜನರನ್ನು ಹೊರಗಿಟ್ಟಂತೆ ಆಗಲಿಲ್ಲವೇ?

ನಾನು ಹಳೇ ಕತೆ ತೆಗೆದೆ. ನಮ್ಮ ಮಂಡ್ಯ ಸೀಮೆಯ ರೈತ ಸಂಘದವರಿಗೆ ಇದೆಲ್ಲ ಹೊಸದಲ್ಲ. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಕಾಲಿಡಬಾರದು ಅಂತ ಹಳ್ಳಿ ಬಾಗಿಲಿಗೆ ಬೋರ್ಡು ಹಾಕಿದವರು, 1999ರಲ್ಲಿ ತಮ್ಮ ನಾಯಕ ಪ್ರೊಫೆಸರ್ ನಂಜುಂಡಸ್ವಾಮಿಯವರ ಜೊತೆ ಹಸಿರು ಶಾಲು ಹೊದ್ದು ನೂರಾರು ಸಂಖ್ಯೆಯಲ್ಲಿ ಯುರೋಪನ್ನೇ ಸುತ್ತಿಬಂದರು. ಮಾರನೇ ವರ್ಷ, 2000ದ ಅಕ್ಟೋಬರಿನಲ್ಲಿ, ಲೋಕದ ರೈತ ಸಂಘಟನೆಗಳೆಲ್ಲ ಸೇರಿದ ‘ಲಾ ವಿಯಾ ಕಂಪೆಸಿನಾ’ದ ಮೂರನೇ ಸಮಾವೇಶ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೆ ಬೆಲೆ ಬಿದ್ದ ಬೆಳೆ, ತೀರದ ಸಾಲ ಅಂದರೆ ಯಾರಿಗೆ ತಿಳಿಯದು? ಚಾಮರಾಜನಗರದಲ್ಲಿ ಸಂಘದವರು ಕಟ್ಟಿದ ಅಮೃತಭೂಮಿ ಕೃಷಿ ಕೇಂದ್ರಕ್ಕೆ ಈಗಲೂ ಹೊರದೇಶದ ರೈತರು ಬರುತ್ತಾರೆ.

“ಅಂಗಾದ್ರೆ ಇವ್ರುನ್ನೂ ಇಲ್ಲಿಗೇ ಕರ್ಸವ್ವ,” ಅಂದಳು ತಾಯಿ.

ನಮ್ಮ ಸರ್ಕಾರವೇನೂ ಬಾಗಿಲು ತೆರೆದು ಕೂತಿಲ್ಲ ಬಿಡಿ. ಸಮಾವೇಶಕ್ಕೆ ಬರುವವರಿಗೆ ಅಂತಲೇ ಬೇರೆ ವೀಸಾ ಇಟ್ಟಿದೆ. ಆದರೂ ಸರದಿ ಅಂತ ಒಂದಿರಬೇಕು. ಒಂದು ವರ್ಷ ಅವರು ಅಲೆಯಲಿ.

ಬಂದವರಿಗೆ ಏನು ತೋರಿಸೋದು? ಗಗನಚುಕ್ಕಿ ಜಲಪಾತ ನಮ್ಮ ತಾಲ್ಲೂಕಿನಲ್ಲೇ ಇದೆ. ನಮ್ಮೂರಿನ ಹೆಸರನ್ನೇ ಹೊತ್ತ ಬಂಡೂರು ಕುರಿಯೂ ಇದೆ: ಕೊಂಬಿಲ್ಲದ ತಲೆ, ಗಿಡ್ಡ ಕಾಲು, ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ತಲೆಕೆಳಗಾದ ಲಾಳದ ಆಕಾರ. ಮಾಂಸದ ರುಚಿಗೆ ಬೇರೆ ಸಾಟಿಯಿಲ್ಲ ಅನ್ನುವುದು ನನ್ನ ಪಕ್ಷಪಾತವೇ ಇರಲಿ. ಟೀಮಿನಲ್ಲಿ ಹಾಲು ಮೊಸರನ್ನೂ ಮುಟ್ಟದ ಸಸ್ಯಾಹಾರಿಗಳಿದ್ದಾರಂತೆ. ಅವರಿಗೆ ಉಪ್ಸಾರು ಉಂಟು. ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟು, ಪಕ್ಕದಲ್ಲಿ ಕಲ್ಲಲ್ಲಿ ಅರೆದ ಖಾರ. ಎಷ್ಟು ಬೇಕೋ ಅಷ್ಟು ಕಲಸಿಕೊಂಡರಾಯಿತು. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಪಕ್ಕದಲ್ಲಿ ಕೂತವರು ಹೇಳಿಕೊಡಬೇಕು. ಇಂಥ ಕೂಟಗಳಲ್ಲಿ ಪರಿಚಯ ಬೆಳೆಯಲಿ ಅಂತ ದುಡ್ಡು ಕೊಟ್ಟು ಚೆಂಡಾಟ ಆಡಿಸುವವರನ್ನು ಕರೆಸುತ್ತಾರಂತೆ. ಗಂಟಲಲ್ಲಿ ಮುದ್ದೆ ಸಿಕ್ಕಿಕೊಂಡವನಿಗೆ ನೀರು ಕೊಟ್ಟವಳನ್ನು ಅವನು ಜನ್ಮದಲ್ಲಿ ಮರೆಯುತ್ತಾನೆಯೇ?

“ಆಫೀಸ್ನೋರು ಮೊದ್ಲು ಕೇಳೋದೇ ವೈಫೈ, ಕರೆಂಟು ಮಾವ,” ಅಂತ ನಕ್ಕಳು ಹುಡುಗಿ.

ನಮ್ಮ ಶಿವನಸಮುದ್ರದಿಂದ 1902ರಲ್ಲೇ ಸುಮಾರು 147 ಕಿಲೋಮೀಟರು ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದರು. ಅದೇ ಸೀಮೆಯ ನಮ್ಮೂರಿನಲ್ಲಿ ಗಾಳಿ ಮಳೆ ಬಂದರೆ ಇವತ್ತಿಗೂ ಮೇಣದಬತ್ತಿ ಹುಡುಕಬೇಕು.

ತಾಯಿ ಖಾಲಿ ಬಕೆಟ್ಟು ಎತ್ತಿಕೊಂಡಳು. “ವೋದ್ರೆ ವೋಗ್ಲಿ ಬುಡಣ್ಣಯ್ಯ. ಆಗ್ಲಾದ್ರೂವೆ ಆ ಪೆಟ್ಗೆ ಮುಚ್ಚಿ ಮಖ ನೋಡ್ಕಂಡ್ ಮಾತಾಡ್ತರೆ.”