ಜೀಪಿನ ಮಡಿ

ನಮ್ಮ ಮನೆಯಲ್ಲಿ ಈಗ ಮಡಿ ಮಾಡುವುದು ಜೀಪು ಒಂದೇ. ಹಳೆಯ ಮಹೀಂದ್ರ ಎಂಎಂ 540; ಡೀಸೆಲ್ ಎಂಜಿನ್, ಲಿವರ್ ಎಳೆದರೆ ನಾಲ್ಕೂ ಚಕ್ರ ದುಡಿಯುವ ಗಾಡಿ. ನಾವೆಲ್ಲ ಫಿಲ್ಟರ್ ನೀರಿನ ಕ್ಯಾನಿಗೆ ಒಗ್ಗಿಹೋದೆವು. ಅದಕ್ಕೆ ಮಾತ್ರ ಡಿಸ್ಟಿಲ್ಡ್ ವಾಟರೇ ಆಗಬೇಕು.

"ನೀರಂದ್ರೆ ನೀರೇ ಕಣೋ, ಅದಕ್ಕೇನು ಜಾತಿ?" ಎನ್ನುತ್ತಾ ಚಿಕ್ಕಪ್ಪ ಬೋರ್‌ವೆಲ್ ನೀರಿನ ಬಿಂದಿಗೆ ಹಿಡಿದು ರೇಡಿಯೇಟರಿನ ಹತ್ತಿರ ಬರುತ್ತಾರೆ. ಜಾತಿ ಇದೆ. ಸದಾ ಹರಿಯುವ ಹೊಳೆಯೊಂದಿಲ್ಲದ ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದು ತೆಗೆದ ನೀರು ಗಡಸು ಜಾತಿಯದು. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಹಂಡೆಯನ್ನಾದರೂ ಹುಣಸೆಹಣ್ಣು ಹಾಕಿ ಉಜ್ಜಬಹುದು. ಆ ಕೊಳವೆಯೊಳಗೆ ಯಾರು ಕೈ ಹಾಕುತ್ತಾರೆ? 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಗೊಂಡು ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಕೆರೆ ಮಡಿ ಬಿಟ್ಟರೂ ಜೀಪು ಬಿಡಲಿಲ್ಲ.

ಇನ್ನು ಲೆಕ್ಕಾಚಾರ. ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲಿರುವ ಮುಳಬಾಗಿಲಿನಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದರೆ ಇನ್ನೂ ಏಳೆಂಟು ಡಿಗ್ರಿ ತಾಳುತ್ತದೆ. ಮುಚ್ಚಳದ ಒತ್ತಡ ಸೇರಿದರೆ ಮತ್ತಷ್ಟು. ಒಳಗೆ ತುಕ್ಕೂ ಹಿಡಿಯುವುದಿಲ್ಲ. ಇದರ ಬೆಲೆ ಗೊತ್ತಾಗುವುದು ಚಿತ್ತೂರಿನಿಂದ ಮರಳುವಾಗ, ಮೊಗಿಲಿ ಘಾಟಿಯಲ್ಲಿ. ಅಲ್ಲಿ ಬಾನೆಟ್ ಎತ್ತಿ ಹೊಗೆಯಾಡುತ್ತಾ ನಿಂತ ಗಾಡಿಯ ಪಕ್ಕದಲ್ಲೇ ನಮ್ಮ ಜೀಪು ಗೊಣಗುತ್ತಾ ಹತ್ತಿಹೋಗುತ್ತದೆ. ಒಳಗೆ ಕೂತ ಚಿಕ್ಕಪ್ಪ ಆಗ ಜಾತಿಯ ವಿಷಯ ಎತ್ತುವುದಿಲ್ಲ.

ಮೆಕ್ಯಾನಿಕ್‌ನದು ಬೇರೆ ಶಾಸ್ತ್ರ. "ಥರ್ಮೋಸ್ಟಾಟ್ ಕಿತ್ತಾಕಿ ಸಾರ್, ಗಾಡಿ ಕೂಲಾಗಿರ್ತದೆ." ಅಂಗೈಯಲ್ಲಿ ಕೂರುವ ಆ ಹಿತ್ತಾಳೆ ಬಿಲ್ಲೆ, ಎಂಜಿನ್ 80 ಡಿಗ್ರಿಯ ಆಸುಪಾಸಿಗೆ ಬರುವ ತನಕ ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಕಿತ್ತರೆ ಗಾಡಿ ಕೂಲೇನೋ ಹೌದು. ಬೆಳಗಿನ ಚಳಿಯಲ್ಲಿ ಎಂಜಿನ್ ಬೆಚ್ಚಗಾಗದೆ ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಬಂಕಿನಲ್ಲಿ ಬಿಸಿಯಾಗುವುದು ನಮ್ಮ ತಲೆ.

ಹಳೇ ಜೀಪಿನವರಿಗೆ ನನ್ನ ಮಾತು ಇಷ್ಟೇ. ಎರಡು ವರ್ಷಕ್ಕೊಮ್ಮೆ ಕೂಲೆಂಟ್ ಬದಲಿಸಿ. ತೆಗೆದದ್ದನ್ನು ಅಂಗಳದಲ್ಲಿ ಚೆಲ್ಲಬೇಡಿ. ರುಚಿಗೆ ಸಿಹಿ, ಒಳಗೆ ವಿಷ, ನಾಯಿ ಕರು ನೆಕ್ಕಿದರೆ ಉಳಿಯುವುದು ಕಷ್ಟ. ಎಂಜಿನ್ ಬಿಸಿಯಿದ್ದಾಗ ಮುಚ್ಚಳ ಮುಟ್ಟಲೇಬೇಡಿ, ಮುಖ ಸುಟ್ಟೀತು. ಅದು ಆರುವ ತನಕ ಮಾಡುವುದೇನು ಅಂತೀರಾ? ಮುಳಬಾಗಿಲಿಗೆ ಬಂದು ದೋಸೆ ತಿನ್ನದೆ ಹೋದವರುಂಟೆ?